‘ಬತ್ತೆ’ ಅಂದದ್ದು ಯಾರು?

ಕಥೆಯೊಳಗೆ ಒಬ್ಬ ರಾಜ ಬಂದನೆಂದರೆ ಅದನ್ನು ಯಾರು ಹೇಳಿದರೂ, ಎಷ್ಟು ಸಲ ಹೇಳಿದರೂ ಅವನು ರಾಜನಾಗಿಯೇ ಉಳಿಯುತ್ತಾನೆ. ಕಳ್ಳ ಬಂದರೆ ಕಳ್ಳನೇ. ಅವರ ತಂಟೆಗೆ ಯಾರೂ ಹೋಗುವುದಿಲ್ಲ. ಆದರೆ ನಗಿಸುವವನೊಬ್ಬ ಬಂದನೋ, ಅವನ ಕಥೆ ಮುಗಿಯಿತು. ಅವನು ಊರಿನ ಬಾವಿಕಟ್ಟೆ ಇದ್ದ ಹಾಗೆ, ಯಾರು ಬೇಕಾದರೂ ಬಂದು ಬಟ್ಟೆ ಒಗೆಯಬಹುದು. ಒಬ್ಬ ಅವನ ಹೊಟ್ಟೆ ದೊಡ್ಡದು ಮಾಡುತ್ತಾನೆ, ಇನ್ನೊಬ್ಬ ಅವನ ಕಿವಿ ಕೆಡಿಸುತ್ತಾನೆ, ಮತ್ತೊಬ್ಬ ಅವನ ಹಲ್ಲೊಂದನ್ನು ಮುಂದೆ ತಂದು ನಿಲ್ಲಿಸುತ್ತಾನೆ. ಹೀಗೆ ಬಾಯಿಂದ ಬಾಯಿಗೆ ಹೋಗಿ ಅವನು ವಾಪಸು ಬರುವಾಗ ಅವನ ಮನೆಯವರಿಗೇ ಗುರುತು ಸಿಗುವುದಿಲ್ಲ. ಇದು ನಾನು ಪುಸ್ತಕ ಓದಿ ತಿಳಿದದ್ದಲ್ಲ. ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಮೀನು ಕಟ್ಟಿಕೊಡುವ ಹಳೆ ಪೇಪರು ಓದಿ ಓದಿ ಅಷ್ಟಿಷ್ಟು ಬರೆಯಲು ಕಲಿತೆ. ಅದರಲ್ಲೂ ಎಷ್ಟೋ ಕಥೆಗಳ ಕೊನೆ ನನಗೆ ಗೊತ್ತಿಲ್ಲ, ಅವು ಬಂಗಡೆಯ ಜೊತೆ ಗಿರಾಕಿಗಳ ಮನೆಗೆ ಹೋಗಿಬಿಟ್ಟಿವೆ. ನಗಿಸುವವನ ಗತಿ ನನಗೆ ತಿಳಿದದ್ದು ನಾನೇ ಅಂಥವನೊಬ್ಬನನ್ನು ತಯಾರು ಮಾಡಿದ್ದರಿಂದ. ಅವನು ನನ್ನ ಒಡಹುಟ್ಟಿದ ತಮ್ಮ. ಹೆಸರು ಶೀನ. ಅವನಿಗೆ ಅವನ ಮುಖ ವಾಪಸು ಕೊಡಬೇಕೆಂದು ನಾನು ಒದ್ದಾಡಿದ್ದೇನೆ. ಕೊಡುವುದಕ್ಕೆ ಆಗಲಿಲ್ಲ. ಅದನ್ನೇ ಹೇಳುತ್ತಿದ್ದೇನೆ.

ನಮ್ಮ ಕುಂದಾಪುರದ ಕಡೆ ಒಂದು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಅನ್ನುವ ಕ್ರಮವಿಲ್ಲ. ಹೋಗುವವನು ‘ಬತ್ತೆ’ ಅನ್ನಬೇಕು. ಬತ್ತೆ ಅಂದರೆ ಬರುತ್ತೇನೆ. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಮೇಷ್ಟ್ರೊಬ್ಬರು, ಬತ್ತೆ ಎಂದು ಹೇಳಿ ಹೋದವನಿಗಾಗಿ ಚಾ ಮುಚ್ಚಿಟ್ಟುಕೊಂಡು ಕತ್ತಲಾಗುವವರೆಗೆ ಕೂತಿದ್ದರಂತೆ. ಈ ಮಾತನ್ನು ಆಡಬಾರದ ಜಾಗ ಒಂದೇ ಒಂದು. ಸಾವಿನ ಮನೆ. ಅಲ್ಲಿಗೆ ಹೋದವರು ಸ್ವಲ್ಪ ಹೊತ್ತು ಕೂತು, ಎದ್ದು, ಯಾರಿಗೂ ಏನೂ ಹೇಳದೆ, ಚಪ್ಪಲಿ ಮೆಟ್ಟಿಕೊಂಡು ಹಿಂದೆ ನೋಡದೆ ನಡೆಯಬೇಕು. ಅಲ್ಲಿ ಬತ್ತೆ ಅಂದರೆ ಏನರ್ಥವಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ನನ್ನ ಕಸುಬು ನೋಡಿ. ಬೆಳಿಗ್ಗೆ ಗಂಗೊಳ್ಳಿಯಲ್ಲಿ ಮೀನು ಎತ್ತಿ, ಎಂ ಎಯ್ಟಿ ಗಾಡಿಯ ಹಿಂದೆ ಪೆಟ್ಟಿಗೆ ಕಟ್ಟಿ, ಹಾರ್ನ್ ಹೊಡೆಯುತ್ತಾ ಬಸ್ರೂರಿನವರೆಗೆ ಮನೆ ಮನೆ ಸುತ್ತುವವನು. ಒಂದೊಂದು ಗೇಟಿನಲ್ಲೂ ಹೊರಡುವಾಗ “ಬತ್ತೆ ಅಮ್ಮಾ, ನಾಳೆ ಬತ್ತೆ” ಅನ್ನಬೇಕು. ಅದು ನನ್ನ ಬಾಯಿಯಿಂದ ಬರುತ್ತಿರಲಿಲ್ಲ, ಕಾಲಿನಿಂದ ಬರುತ್ತಿತ್ತು. ಗಾಡಿಗೆ ಕಿಕ್ ಹೊಡೆಯಲು ಕಾಲೆತ್ತಿದರೆ ಸಾಕು, ನಾಲಿಗೆ ತಾನಾಗಿ ಆಡುತ್ತಿತ್ತು.

ಅದು ತೊಂಬತ್ತೇಳನೇ ಇಸವಿ ಇರಬೇಕು. ಬಸ್ರೂರಿನ ಅಂಗಡಿಮನೆಯ ಅಜ್ಜ ತೀರಿಕೊಂಡರು. ನನ್ನ ಹಳೆಯ ಗಿರಾಕಿ. ಸಿಗಡಿ ಅಂದರೆ ಜೀವ ಬಿಡುತ್ತಿದ್ದರು. ನಾನೂ ಶೀನನೂ ಮನೆಯವರನ್ನು ಮಾತಾಡಿಸಿ ಬರಲು ಹೋದೆವು. ಶೀನ ಆಗ ಬೈಂದೂರು–ಬ್ರಹ್ಮಾವರ ನಡುವೆ ಓಡುವ ಒಂದು ಬಸ್ಸಿಗೆ ಹೊಸದಾಗಿ ಕಂಡಕ್ಟರ್ ಆಗಿ ಸೇರಿದ್ದ. ಗಂಭೀರ ಮನುಷ್ಯ. ಚಿಕ್ಕಂದಿನಿಂದಲೂ ಹಾಗೆಯೇ. ಚಿಲ್ಲರೆ ಕೊಡುವಾಗಲೂ ದೇವರಿಗೆ ಹೂವು ಹಾಕುವ ಹಾಗೆ ಕೊಡುತ್ತಿದ್ದ. ಅಂಗಡಿಮನೆಯ ಚಾವಡಿಯಲ್ಲಿ ಜನ ತಲೆ ತಗ್ಗಿಸಿ ಕೂತಿದ್ದರು. ನಾವೂ ಕೂತೆವು. ಎದ್ದೆವು. ಅಂಗಳಕ್ಕೆ ಇಳಿದು ಇಬ್ಬರೂ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ನಾನು ಬಲಗಾಲು ಎತ್ತಿದೆ. ಅಷ್ಟೇ ನೋಡಿ. “ಬತ್ತೆ ಅಮ್ಮಾ, ನಾಳೆ ಬತ್ತೆ!” ಎಂಬ ದನಿ ಆ ಮೌನದಲ್ಲಿ ಗಂಟೆ ಹೊಡೆದ ಹಾಗೆ ಹೋಯಿತು.

ಚಾವಡಿಯ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ನನ್ನದೂ ಶೀನನದೂ ದನಿ ಒಂದೇ. ಬಾವಿಕಟ್ಟೆಯಿಂದ ಕೂಗಿದರೆ ಅಮ್ಮನಿಗೂ ಯಾರೆಂದು ಗೊತ್ತಾಗುತ್ತಿರಲಿಲ್ಲ. ಆ ಗಳಿಗೆಯಲ್ಲಿ ನಾನು ಏನು ಮಾಡಿದೆ ಎಂದರೆ, ತಿರುಗಿ ಶೀನನ ಮುಖ ನೋಡಿದೆ. ‘ಎಂಥ ಕೆಲಸ ಮಾಡಿದೆಯೋ ಮಾರಾಯಾ’ ಎಂಬಂತೆ ಬರೀ ನೋಡಿದೆ. ಎಲ್ಲರ ಕಣ್ಣೂ ನನ್ನ ಕಣ್ಣಿನ ಹಿಂದೆಯೇ ಹೋಗಿ ಅವನ ಮೇಲೆ ಕೂತವು. ಶೀನ ಒಮ್ಮೆ ಬಾಯಿ ತೆರೆದ. ನನ್ನ ಮುಖ ಕಂಡ. ಬಾಯಿ ಮುಚ್ಚಿದ. ಗೇಟಿನಾಚೆ ಬಂದ ಮೇಲೆ ಮೆಲ್ಲಗೆ ಕೇಳಿದ: “ಅಣ್ಣಯ್ಯ, ಅದ್ ನೀ ಅಂದದ್ದಲ್ದಾ?”

“ಹೌದ್ ಮಾರಾಯಾ. ಬಾಯಿ ತಪ್ಪಿತ್. ಈಗ ಗಲಾಟಿ ಮಾಡ್ಬೇಡ. ಮೀನ್ ತಕಂಡ್ ದಿನಾ ಈ ಗೇಟಿಗೆ ನಾನ್ ಬರ್ಕ್. ಅಪಶಕುನದ ಬಾಯಿ ಅಂದ್ರೆ ಯಾವ ಹೆಂಗ್ಸ್ ಮೀನ್ ತಕಂತ್ಲ್? ನೀನ್ ಬಸ್ಸಂಗೆ ಇಪ್ಪವ. ನಿಂಗ್ ಎಂತ ಆತ್ತ್?”

“ಹೌದಲೆ,” ಅಂದ ಶೀನ. ಗಾಡಿಯ ಹಿಂದೆ ಕೂತ. ಕೇಸು ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಮರುದಿನ ಅಂಗಡಿಮನೆಯ ಆಚೆಗಿನ ಮೊದಲ ಗೇಟಿನಲ್ಲಿಯೇ ಒಬ್ಬ ಹೆಂಗಸು ತಟ್ಟೆ ಹಿಡಿದು ಕಾಯುತ್ತಿದ್ದಳು. “ಹ್ವಾಯ್, ನಿನ್ನೆ ಅಲ್ಲಿ ಯಾರೋ ‘ಬತ್ತೆ’ ಅಂದ್ರ್ ಗಡ? ಯಾರ್ ಮಾರಾಯಾ ಅದ್?” ನಾನು ತಲೆ ಕೆರೆದುಕೊಂಡೆ. “ಎಂತ ಹೇಳುದ್ ಅಮ್ಮಾ, ನನ್ ತಮ್ಮನೇ. ಪಾಪದವ. ಬಸ್ಸಂಗೆ ಇದ್ದ್ ಇದ್ದ್ ಅವನಿಗೆ ಮನಿ ಯಾವ್ದ್, ಸ್ಟಾಪ್ ಯಾವ್ದ್ ಗೊತ್ತಾತ್ತಿಲ್ಲೆ.” ಹೆಂಗಸು ತಟ್ಟೆ ಬಿದ್ದುಹೋಗುವಂತೆ ನಕ್ಕಳು. ನಗುತ್ತಾ ನಗುತ್ತಾ ಬಂಗಡೆ ತೆಗೆದುಕೊಂಡಳು. ಆಗ ನಾನೊಂದು ಸಂಗತಿ ಗಮನಿಸಿದೆ. ಅವಳು ಮೀನಿನ ಕಿವಿರು ಎತ್ತಿ ನೋಡಲೇ ಇಲ್ಲ. ಮೀನು ತಾಜಾ ಇದ್ದರೆ ಕಿವಿರು ಕೆಂಪಗಿರುತ್ತದೆ, ಹಳತಾದರೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಡೆಯ ಹೆಂಗಸರು ಗಂಡು ನೋಡುವಾಗಲೂ ಅಷ್ಟು ಪರೀಕ್ಷೆ ಮಾಡುವುದಿಲ್ಲ. ಆದರೆ ನಗುತ್ತಿರುವವಳು ಕಿವಿರು ಎತ್ತುವುದಿಲ್ಲ. ಇದು ನನ್ನ ಜೀವನದಲ್ಲಿ ನಾನು ಕಂಡುಹಿಡಿದ ಒಂದೇ ಒಂದು ವಿಷಯ. ಇದರಿಂದಲೇ ನಾನು ಹಾಳಾದೆ. ಅಲ್ಲ, ಹಾಳಾದದ್ದು ಶೀನ. ನಾನು ಮೀನು ಮಾರಿ ಮನೆಗೆ ಹೋದೆ.

ಮೀನು ಹೊಳೆಯುತ್ತಿದ್ದ ದಿನ ನನ್ನ ಕಥೆಯ ಶೀನ ಬರೀ ಮರೆವಿನವನಾಗಿರುತ್ತಿದ್ದ. ಐಸು ಕಡಿಮೆಯಾಗಿ ಮೀನು ಸ್ವಲ್ಪ ಬಾಡಿದ ದಿನ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಸತ್ತವರು ಯಾರು ಎಂದು ಸತ್ತವರ ಹೆಂಡತಿಯನ್ನೇ ಕೇಳುತ್ತಿದ್ದ. ಮಳೆಗಾಲದಲ್ಲಿ ದೋಣಿ ಇಳಿಯದೆ, ಎಲ್ಲಿಂದಲೋ ಲಾರಿಯಲ್ಲಿ ಬಂದ ಮೀನನ್ನು ಮಾರಬೇಕಾದ ದಿನಗಳಲ್ಲಿ ಅವನಿಗೆ ಹೊಟ್ಟೆಬಾಕತನ ಬಂತು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಎಂತ ಪಾಯಸ ಎಂದು ವಿಚಾರಿಸಿ, ಅದಕ್ಕೇ ‘ನಾಳೆ ಬತ್ತೆ’ ಅಂದ. ಒಂದು ದಿನ ಮೀನು ತೀರಾ ಕೆಟ್ಟಿತ್ತು, ನನಗೇ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಆ ದಿನ ಅವನ ಬಲಗಾಲಿನ ಚಪ್ಪಲಿಯ ಬಾರು ಕಿತ್ತುಹೋಯಿತು. ಬಾರು ಸರಿಮಾಡಲು ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಹೋಗಿ ಹೆಣದ ಪಕ್ಕದ ಗೋಡೆ ಹಿಡಿದು ನಿಂತು ‘ಬತ್ತೆ’ ಅಂದ. ಆ ಕಿತ್ತ ಬಾರಿಗೆ ಸಿಕ್ಕಷ್ಟು ನಗು ನನಗೆ ಮತ್ಯಾವುದಕ್ಕೂ ಸಿಗಲಿಲ್ಲ. ಆಮೇಲೆ ತಾಜಾ ಮೀನಿನ ದಿನವೂ ಬಾರು ಕಿತ್ತೇ ಇರುತ್ತಿತ್ತು. ಮೀನು ಹಳತಾದಷ್ಟೂ ನನ್ನ ತಮ್ಮ ದಡ್ಡನಾಗುತ್ತಾ ಹೋದ. ಒಮ್ಮೆ ದಡ್ಡನಾದವನು ಮತ್ತೆ ಹೊಸ ಮೀನು ಬಂದಾಗ ಜಾಣನಾಗುತ್ತಾನೆಯೇ? ಅದಿಲ್ಲ. ಕಥೆಯಲ್ಲಿ ಆ ಕಡೆಗೆ ದಾರಿ ಇಲ್ಲ.

ಇದರ ನಡುವೆ ಅಂಗಡಿಮನೆಯ ಅಜ್ಜಿಯೂ ತೀರಿಕೊಂಡರು. ಬಹಳ ವರ್ಷದಿಂದ ಹಾಸಿಗೆ ಹಿಡಿದಿದ್ದ ಜೀವ. ಊರಿಗೆಲ್ಲ ಗೊತ್ತಿತ್ತು. ಆದರೂ ಮಾತು ಹುಟ್ಟಿತು. ‘ಬತ್ತೆ ಅಂದಿದ್ನಲೆ, ಕರ್ಕಂಡ್ ಹೋಪುಕೇ ಬಂದ.’ ಹೀಗೆ ನಾನು ಮಾಡಿದ ಪೆದ್ದನಿಗೆ ಜನ ಒಂದು ಕೋಣವನ್ನೂ ಪಾಶವನ್ನೂ ಕೊಟ್ಟರು. ಆ ಸಲ ನಾನೊಬ್ಬನೇ ಮಾತಾಡಿಸಲು ಹೋದೆ. ಗೇಟಿನಲ್ಲಿಯೇ ಒಬ್ಬರು ನನ್ನ ಹಿಂದೆ ಇಣುಕಿ “ಶೀನ ಬರ್ಲಿಲ್ಯಲ್ದಾ?” ಎಂದು ಕೇಳಿ ನಿಟ್ಟುಸಿರು ಬಿಟ್ಟರು. ನನಗೆ ಕೂರಲು ಚಾಪೆ ಹಾಸಿದರು. ನಾನು ಕೂತೆ. ಹೊರಡುವಾಗ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡು ಕಾಲೆತ್ತಿದೆ.

ಬಸ್ಸಿನಲ್ಲಿ ಶೀನನ ಪಾಡು ಬೇರೆ. ಕಥೆ ಅವನಿಗಿಂತ ಮೊದಲೇ ಬೈಂದೂರು ಮುಟ್ಟಿ, ತಿರುಗಿ ಬ್ರಹ್ಮಾವರ ಮುಟ್ಟಿತ್ತು. ಇಳಿಯುವವರೆಲ್ಲ ಮೆಟ್ಟಿಲಲ್ಲಿ ನಿಂತು “ಬತ್ತೆ ಶೀನಣ್ಣಾ, ನಾಳೆ ಬತ್ತೆ” ಎಂದು ಇಳಿಯುತ್ತಿದ್ದರು. ಕಾಲೇಜಿನ ಮಕ್ಕಳು ಒಟ್ಟಿಗೆ ಹೇಳುತ್ತಿದ್ದರು. ಕುಂಭಾಶಿಯಲ್ಲಿ ದೇವರಿಗೆ ಹೋಗಲು ಇಳಿಯುವ ಮುದುಕಿಯರು ಮಾತ್ರ ಅವನ ಮುಖ ನೋಡದೆ ಇಳಿಯುತ್ತಿದ್ದರು, ಎಲ್ಲಿಯಾದರೂ ಇವನು ‘ಬತ್ತೆ’ ಅಂದರೆ ಎಂದು. ಮೊದಮೊದಲು ಶೀನ ಸಿಟ್ಟುಗೊಂಡ. ಸಿಟ್ಟುಗೊಂಡರೆ ಇನ್ನೂ ನಕ್ಕರು. ಸುಮ್ಮನಿದ್ದ. ಸುಮ್ಮನಿದ್ದರೂ ನಕ್ಕರು. ಕೊನೆಗೆ ಅವನೇ ಹೇಳತೊಡಗಿದ. “ಹ್ವಾಯ್, ಜಾಗ್ರತಿ ಇಳೀರಿ, ಇಲ್ದಿರೆ ನಾನ್ ನಿಮ್ ಮನಿಗೆ ಬತ್ತೆ!” ಬಸ್ಸಿಗೆ ಬಸ್ಸೇ ನಗುತ್ತಿತ್ತು. ಚಿಲ್ಲರೆಯನ್ನು ಹೂವಿನ ಹಾಗೆ ಕೊಡುತ್ತಿದ್ದವನು ಈಗ ಟಿಕೇಟನ್ನು ಕಿವಿಯ ಹಿಂದಿನಿಂದ ತೆಗೆದು ಕೊಡುವಷ್ಟು ಬದಲಾದ. ಜನ “ಶೀನ ಹುಟ್ಟಿದ್ದೇ ಹಾಂಗೆ” ಅಂದರು. ಅಲ್ಲ, ಅವನು ಹುಟ್ಟಿದಾಗ ನಾನಿದ್ದೆ. ಅವನು ಹಾಗಿರಲಿಲ್ಲ.

ಊರಿನ ಯುವಕ ಸಂಘದವರು ಚೌತಿಗೆ ಒಂದು ನಗೆನಾಟಕ ಆಡಿದರು. ಅದರಲ್ಲಿ ಶೀನನ ಪಾತ್ರ ಮಾಡಿದವನಿಗೆ ಎರಡು ಹಲ್ಲಿಗೆ ಮಸಿ, ಹೊಟ್ಟೆಗೆ ದಿಂಬು, ಕಾಲಿಗೆ ಬಾರು ಕಿತ್ತ ಚಪ್ಪಲಿ. ಅವನು ‘ಬತ್ತೆ’ ಅಂದ ಕೂಡಲೇ ಹೆಣ ಎದ್ದು ಕೂತು “ಬಾ ಮಗಾ, ಚಾಪೆ ಹಾಸಿಡ್ತೆ” ಅನ್ನುತ್ತಿತ್ತು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಶೀನ ತೊಡೆ ತಟ್ಟಿ ತಟ್ಟಿ ನಗುತ್ತಿದ್ದ. ಅವನ ಪಕ್ಕದಲ್ಲಿ ನನಗೆ ನಗಲೂ ಆಗುತ್ತಿಲ್ಲ, ಏಳಲೂ ಆಗುತ್ತಿಲ್ಲ. ವೇದಿಕೆಯ ಮೇಲೆ ನಾನು ಮೀನಿನ ಜೊತೆ ಮಾರಿದ ಒಂದೊಂದು ಸುಳ್ಳೂ ಬಣ್ಣ ಹಚ್ಚಿಕೊಂಡು ಕುಣಿಯುತ್ತಿತ್ತು. ಶೀನ ನಗುವನ್ನು ನಿಲ್ಲಿಸದೆಯೇ ನನ್ನ ಕಡೆ ಬಗ್ಗಿ ಕಿವಿಯಲ್ಲಿ ಹೇಳಿದ: “ಅಣ್ಣಯ್ಯ, ನೆಗಾಡ್. ಎಲ್ರೂ ನಮ್ಮನ್ನ್ ಕಾಣ್ತಿದ್ರ್.” ನಾನು ನಕ್ಕೆ.

ಹೆಣ್ಣು ಕೇಳಲು ಹೋದಲ್ಲೆಲ್ಲ ಇದೇ ಕಥೆ ಅಡ್ಡ ಬಂತು. ಕೋಟದ ಒಂದು ಮನೆಯಲ್ಲಿ ಶೀನ “ನಮಸ್ಕಾರ” ಅಂದದ್ದಕ್ಕೇ ಹೆಣ್ಣಿನ ತಂದೆ ಬಾಯಿಗೆ ಟವೆಲು ಹಿಡಿದರು. ಬ್ರಹ್ಮಾವರದ ಒಂದು ಮನೆಯವರು, ಮನೆಯಲ್ಲಿ ವಯಸ್ಸಾದವರಿದ್ದಾರೆ, ಅವರು ಇನ್ನೂ ಸ್ವಲ್ಪ ಕಾಲ ಇರಬೇಕೆಂದು ನಮ್ಮ ಆಸೆ ಎಂದು ಹೇಳಿ ಕಳಿಸಿದರು. ಅಮ್ಮ ಒಂದು ದಿನ ನನಗೆ ಅನ್ನ ಬಡಿಸುತ್ತಾ ತಟ್ಟನೆ ಕೇಳಿದಳು: “ಮಗಾ, ಅವತ್ತ್ ಅಂಗಡಿಮನಿಯಂಗೆ ಅಂದದ್ದ್ ನೀನಲ್ದಾ?” ನಾನು “ಸಾರಿಗೆ ಉಪ್ಪ್ ಜಾಸ್ತಿ ಆಯ್ತ್” ಅಂದೆ. ಅಮ್ಮ ಮತ್ತೆ ಕೇಳಲಿಲ್ಲ. ಆದರೆ ಆಮೇಲೆ ಅವಳು ಇದ್ದಷ್ಟು ದಿನ ನನ್ನ ಬಟ್ಟಲಿಗೆ ಬಡಿಸಿದ ಸಾರಿನಲ್ಲಿ ಉಪ್ಪೇ ಇರುತ್ತಿರಲಿಲ್ಲ.

ಅಮ್ಮ ಹೋದ ದಿನವೇ ನನಗೆ ನಾನು ಮಾಡಿದ ಕೆಲಸದ ಪೂರ್ತಿ ಅಳತೆ ಸಿಕ್ಕಿದ್ದು. ಮನೆಯ ತುಂಬ ಜನ. ನಾನು ಕಂಬಕ್ಕೆ ಒರಗಿ ಅಳುತ್ತಿದ್ದೆ. ಬಂದವರು ನನ್ನ ಬೆನ್ನು ಸವರಿ ಸಮಾಧಾನ ಹೇಳುತ್ತಿದ್ದರು. ಶೀನ ಅಂಗಳದಲ್ಲಿ ನಿಂತು ಅಳುತ್ತಿದ್ದ. ಅವನ ಹತ್ತಿರ ಹೋದವರ ಮುಖವೇ ಬೇರೆ. ತುಟಿ ಬಿಗಿ ಹಿಡಿದು, ಕಣ್ಣು ಆಚೆ ತಿರುಗಿಸಿ, ಬೇಗ ಬೇಗ ದಾಟಿ ಹೋಗುತ್ತಿದ್ದರು. ಅವನ ಬಸ್ಸಿನ ಡ್ರೈವರು, ಒಳ್ಳೆಯ ಮನುಷ್ಯನೇ, ತಡೆಯಲಾರದೆ ತೆಂಗಿನ ಮರದ ಹಿಂದೆ ಹೋಗಿ ನಿಂತರು. ಅವರ ಹೆಗಲು ಕುಲುಕುತ್ತಿತ್ತು. ನೋಡಿದವರು ಪಾಪ, ಎಷ್ಟು ದುಃಖ ಅಂದುಕೊಂಡರು. ಅದು ದುಃಖ ಅಲ್ಲವೆಂದು ನನಗೂ ಶೀನನಿಗೂ ಮಾತ್ರ ಗೊತ್ತಿತ್ತು. ಸಾವಿನ ಮನೆಯ ಅಂಗಳದಲ್ಲಿ ಶೀನ ನಿಂತಿದ್ದಾನೆ ಎಂಬುದೇ ಅವರಿಗೆ ನಾಟಕದ ಮುಂದಿನ ದೃಶ್ಯದ ಹಾಗೆ ಕಂಡಿರಬೇಕು. ಹೋಗುವವರು ಕ್ರಮದಂತೆ ಏನೂ ಹೇಳದೆ ಹೋದರು. ಆದರೆ ಗೇಟು ದಾಟುವಾಗ ಒಬ್ಬೊಬ್ಬರೂ ಒಮ್ಮೆ ಶೀನನ ಬಾಯಿಯ ಕಡೆ ನೋಡಿಯೇ ಹೋದರು. ಕೊನೆಗೆ ಅವನು ಕಣ್ಣು ಒರೆಸಿಕೊಂಡು ಬಾವಿಯ ಆಚೆ ಹೋಗಿ ಕೂತ. ಹೆತ್ತ ತಾಯಿಗಾಗಿ ನಾಲ್ಕು ಜನರ ಮುಂದೆ ಅಳುವ ಹಕ್ಕೂ ಅವನಿಗೆ ಇರಲಿಲ್ಲ. ಅದನ್ನು ನಾನು ಬಂಗಡೆಯ ಜೊತೆ ಕಟ್ಟಿ ಕೊಟ್ಟುಬಿಟ್ಟಿದ್ದೆ.

ಬೈಂದೂರಿನಲ್ಲಿ ಒಂದು ಸಂಬಂಧ ಇದೆ ಎಂದು ಗೊತ್ತಾದಾಗ ಶೀನನ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಹೊಲಿಗೆ ಮಾಡಿಕೊಂಡಿರುವ ಹುಡುಗಿ, ಅವಳಿಗೂ ವಯಸ್ಸಾಗಿದೆ. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ನನ್ನ ಹೆಂಡತಿ ಗಿರಿಜೆಯ ಹತ್ತಿರ ಎಲ್ಲವನ್ನೂ ಹೇಳಿದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಇಷ್ಟ್ ವರ್ಷ ನಾನೂ ನೆಗಾಡ್ತಿದ್ನಲೆ ಮಾರ್ರೆ, ನಿಮ್ ತಮ್ಮ ಊಟಕ್ಕೆ ಕೂತಾಗ್ಳಿಕೆಲ್ಲ,” ಅಂದಳು. ಕಾಯಿಯನ್ನು ಮತ್ತೆ ಕೈಗೆತ್ತಿಕೊಂಡು, “ಅಡುಗಿ ಮನಿಯಂಗೆ ನಂಗ್ ಹೇಳಿ ಎಂತ ಪ್ರಯೋಜನ? ಬೈಂದೂರಂಗೆ ಹೇಳಿ. ಅವ್ರ್ ಕಿವಿಗೆ ಬಿದ್ದಿಪ್ಪುದೇ. ಮುಂಚೆಯೇ ಹೇಳಿ,” ಅಂದಳು. ಸರಿ, ಈ ಸಲ ಹೇಳಿಯೇ ಬಿಡುವುದು ಎಂದು ನಿರ್ಧಾರ ಮಾಡಿದೆ. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ಅಭ್ಯಾಸ ಮಾಡಿದೆ. ಅಂದದ್ದು ನಾನು. ಅಂದದ್ದು ನಾನು.

ಆ ಮನೆಯಲ್ಲಿ ಹುಡುಗಿಯ ಸೋದರಮಾವನೇ ಯಜಮಾನ. ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಶೀನ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈ ಕಟ್ಟಿ, ನಾನು ಎಷ್ಟೋ ವರ್ಷದಿಂದ ಕಾಣದ ಗಂಭೀರ ಮುಖ ಮಾಡಿ ಕೂತಿದ್ದ. ಯಾರೂ ನಗುತ್ತಿರಲಿಲ್ಲ. ಅದರಿಂದಲೇ ನನಗೆ ಗೊತ್ತಾಗಬೇಕಿತ್ತು. ಚಾ ಬಂತು. ನಾನು ಗಂಟಲು ಸರಿಮಾಡಿಕೊಂಡೆ.

“ಮಾವಾ, ಒಂದ್ ವಿಷ್ಯ ಮುಂಚೆಯೇ ಹೇಳ್ತೆ. ಆ ‘ಬತ್ತೆ’ ಕಥಿ ನಿಮ್ ಕಿವಿಗೂ ಬಿದ್ದಿಪ್ಪುದು. ಅದನ್ ನಂಬ್ಬೇಡಿ.”

ಮಾವ ಚಾ ಕೆಳಗಿಟ್ಟರು. “ಯಾವ ಕಥಿ?”

ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಕಥೆ ಕೇಳದ ಒಂದು ಮನೆ ಉಳಿದಿತ್ತು. ಅದನ್ನು ಹುಡುಕಿಕೊಂಡು ನಾನು ಬಂದಿದ್ದೆ. ಶೀನ ನನ್ನ ಕಾಲನ್ನು ಮೆಲ್ಲಗೆ ಒತ್ತಿದ. ಆದರೆ ಬಾಯಿ ಬಿಟ್ಟಾಗಿತ್ತು. ನಾನು ಹೇಳಿದೆ. ಸಾವಿನ ಮನೆ, ಚಾವಡಿ, ಚಪ್ಪಲಿ, ಎತ್ತಿದ ಕಾಲು, ‘ನಾಳೆ ಬತ್ತೆ’, ಎಲ್ಲ ನಡೆದ ಹಾಗೆಯೇ ಹೇಳಿದೆ. ಅಂದವನು ನಾನೇ ಎಂದೂ ಹೇಳಿದೆ. ಇಷ್ಟು ವರ್ಷ ಗೇಟು ಗೇಟಿನಲ್ಲಿ ಜನರನ್ನು ನಗಿಸಿ ಬೀಳಿಸಿದ ಅದೇ ಮಾತು, ಅದೇ ಜಾಗದಲ್ಲಿ ಅದೇ ನಿಲುಗಡೆ. ಒಬ್ಬರೂ ನಗಲಿಲ್ಲ. ಮಾವ ನೆಲ ನೋಡಿದರು. ಅಜ್ಜಿ “ಸಾವಿನ ಮನಿಯಂಗೆ ಹಾಂಗೆ ಅಂದ್ಯಾ ಮಗಾ?” ಎಂದು ಕೇಳಿ, ನಾನು ಒಳಗೆ ಬಂದ ಬಾಗಿಲಿನ ಕಡೆ ಒಮ್ಮೆ ನೋಡಿ, ಸೆರಗು ಎಳೆದುಕೊಂಡರು. ಶೀನನನ್ನು ಹಾಕಿದರೆ ಹೊಟ್ಟೆ ಹುಣ್ಣಾಗುವ ಕಥೆ, ನನ್ನನ್ನು ಹಾಕಿದ ಕೂಡಲೇ ಬರೀ ಅಪಶಕುನವಾಯಿತು. ಯಾಕೆಂದು ನನಗೆ ಈಗ ತಿಳಿಯುತ್ತದೆ. ನಗಿಸುವವನಿಗೆ ಎಲ್ಲವೂ ಮಾಫಿ. ಆದರೆ ಅದಕ್ಕೆ ಅವನು ಮೊದಲು ತನ್ನ ಮಾನವನ್ನೆಲ್ಲ ಕೊಟ್ಟಿರಬೇಕು. ನಾನು ಒಂದು ಚೂರೂ ಕೊಟ್ಟಿರಲಿಲ್ಲ. ನನ್ನ ಮಾನ ನೆಟ್ಟಗೆ ಇಸ್ತ್ರಿ ಹಾಕಿಕೊಂಡು ನನ್ನ ಮೈಮೇಲೆಯೇ ಇತ್ತು.

ಶೀನ ಒಮ್ಮೆ ನನ್ನ ಮುಖ ನೋಡಿದ. ಬೆವರುತ್ತಿದ್ದೆ ನಾನು. ಅವನು ಎದ್ದು ನಿಂತ. “ಅಣ್ಣಯ್ಯ, ನಿಂಗ್ ಕಥಿ ಹೇಳುಕ್ ಬತ್ತಿಲ್ಲೆ, ಬಿಡ್. ಮಾವಾ, ಇವ್ರ್ ನನ್ನನ್ ಬಚಾವ್ ಮಾಡುಕ್ ಕಾಣ್ತಿದ್ರ್. ಅದ್ ಅಂದದ್ದ್ ನಾನೇ. ಹೆಂಗೆ ಅಂದೆ ಅಂದ್ರೆ ಕಾಣಿ...” ಅಂದವನೇ ಒಂಟಿ ಕಾಲಿನಲ್ಲಿ ನಿಂತ. ಇಲ್ಲದ ಬಾರನ್ನು ಹಿಡಿದುಕೊಂಡು ಚಾವಡಿಯ ಈ ಮೂಲೆಯಿಂದ ಆ ಮೂಲೆಗೆ ಕುಪ್ಪಳಿಸಿದ. ಗೋಡೆ ಹಿಡಿದು ನಿಂತು ಅಜ್ಜಿಯ ಮುಖಕ್ಕೇ “ಬತ್ತೆ ಅಮ್ಮಾ!” ಅಂದ. ಅಜ್ಜಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕರು. ಮಾವ ಕುರ್ಚಿಯಿಂದ ಜಾರಿದರು. ಒಳಗಿನ ಪರದೆಯ ಹಿಂದೆ ಹುಡುಗಿ ನಕ್ಕದ್ದು ಕೇಳಿತು. ಒಳ್ಳೆಯ ನಗು. ನನಗೂ ಒಂದು ಗಳಿಗೆ ಸಂತೋಷವಾಯಿತು. ಕೆಲಸ ಗೆದ್ದಿತು ಅಂದುಕೊಂಡೆ.

ಆದರೆ ನಗು ನಿಲ್ಲಲಿಲ್ಲ. ಶೀನ ಕುರ್ಚಿಯಲ್ಲಿ ಕೂತು, ಅಂಗಿ ಸರಿಮಾಡಿಕೊಂಡು, ನಿಜವಾಗಿ ಹೇಳಬೇಕಾದ ಮಾತಿಗೆ ಬಂದ. “ನಂಗ್ ಬೀಡಿ, ಶರಾಬಿನ ಅಭ್ಯಾಸ ಇಲ್ಲೆ ಮಾವಾ.” ಮಾವ ಮತ್ತೆ ನಕ್ಕರು. “ಹೆಣ್ಣ್ ಹೊಲಿಗಿ ಮುಂದುವರಿಸುದಾರೆ ನಂದೇನೂ ಅಡ್ಡಿ ಇಲ್ಲೆ.” ಪರದೆ ನಕ್ಕಿತು. “ನಾನ್ ಅವ್ಳನ್ನ ಲಾಯ್ಕ್ ಮಾಡಿ ನೋಡ್ಕಂತೆ,” ಎಂದು ಶೀನ ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದ. ಮಾವ ಕಣ್ಣೊರೆಸಿಕೊಳ್ಳುತ್ತಾ, “ಸಾಕ್ ಮಾರಾಯಾ, ಸಾಕ್, ಇನ್ ನೆಗಾಡುಕ್ ಎಡಿತಿಲ್ಲೆ!” ಅಂದರು. ಆಮೇಲೆ ನನ್ನ ಕಡೆ ತಿರುಗಿ ನನ್ನ ಕೈ ಹಿಡಿದುಕೊಂಡರು. “ತಮ್ಮನ ತಪ್ಪನ್ ತನ್ನ ತಲಿ ಮೇಲೆ ಹಾಕಂಬ ಅಣ್ಣ ಈ ಕಾಲದಂಗೆ ಎಲ್ಲಿ ಸಿಕ್ಕತ್? ನೀವ್ ದೊಡ್ಡ ಜನ.”

ಹೊರಡುವಾಗ “ಹೇಳಿ ಕಳಿಸ್ತೊ” ಅಂದರು. ಹೆಣ್ಣಿನ ಮನೆ. ಬತ್ತೆ ಅನ್ನಲೇಬೇಕಾದ ಮನೆ. ನನ್ನ ನಾಲಿಗೆ ಏಳಲಿಲ್ಲ. ಸಾವಿನ ಮನೆಯಿಂದ ಹೊರಡುವ ಹಾಗೆ ತಲೆ ತಗ್ಗಿಸಿ, ಚಪ್ಪಲಿ ಮೆಟ್ಟಿ, ಹಿಂದೆ ನೋಡದೆ ಅಂಗಳ ದಾಟಿದೆ. ನನ್ನ ಹಿಂದೆ ಶೀನ ಕೈ ಮುಗಿದು, ಕ್ರಮ ತಪ್ಪಿಸಬಾರದೆಂದು, “ಬತ್ತೆ” ಅಂದ. ನಾಟಕ ಮಾಡಲಿಲ್ಲ, ನಿಜವಾಗಿ ಅಂದ. ಮನೆಗೆ ಮನೆಯೇ ಮತ್ತೆ ಹೋ ಎಂದು ನಕ್ಕಿತು.

ಮರವಂತೆಯಲ್ಲಿ ಬಸ್ಸಿನ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಶೀನ ಸಮುದ್ರದ ಕಡೆಯ ಕಿಟಕಿಯಲ್ಲಿ ಕೂತಿದ್ದ. ನಾನು ಕೇಳಿದೆ: “ಎಂತಕ್ ಹಾಂಗೆ ಮಾಡ್ದೆ ಶೀನಾ? ಅಂದದ್ದ್ ನಾನಲ್ದಾ? ನಿಂಗೂ ಗೊತ್ತಿತ್ತಲೆ?”

ಅವನು ತಿರುಗಿ, ನಿಜವಾಗಿಯೂ ಆಶ್ಚರ್ಯವಾದವನ ಹಾಗೆ ನೋಡಿದ. “ನೀ ಎಂತ ಅಂದದ್ದ್ ಅಣ್ಣಯ್ಯಾ? ನಾನ್ ಅಂದದ್ದ್. ನಂಗ್ ಲಾಯ್ಕ್ ನೆನ್ಪಿತ್ತ್. ಬಲಗಾಲಿನ ಚಪ್ಲಿ ಬಾರ್ ಕಿತ್ತ್ ಹೋಯಿತ್ತ್. ಅದನ್ ಸರಿ ಮಾಡುಕ್ ಬಗ್ಗಿದಾಗ್ಳಿಕೆ ಬಾಯಿ ತಪ್ಪಿತ್. ನೀ ಹಿಂದೆ ತಿರುಗಿ ನನ್ ಮುಖ ಕಂಡೆ. ನಿಂಗ್ ಎಷ್ಟ್ ಬೇಜಾರಾಯಿತ್ತಪ್ಪ ಅವತ್ತ್.” ಇಷ್ಟು ಹೇಳಿ ಅವನು ಮತ್ತೆ ನೀರಿನ ಕಡೆ ನೋಡಿದ. ಆ ಬಾರು ಅವನದೂ ಅಲ್ಲ, ನನ್ನದೂ ಅಲ್ಲ. ಅದು ಮೀನು ಕೆಟ್ಟ ದಿನ ನಾನು ಹೊಲಿದದ್ದು. ಅವನು ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದನೋ, ಅಥವಾ ಹೇಳಿಸಿಕೊಂಡು ಹೇಳಿಸಿಕೊಂಡು ಅವನಿಗೇ ಹಾಗೆ ನೆನಪಾಗಿದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದವನೊಬ್ಬ ಕಿಟಕಿಯ ಹತ್ತಿರ ಬಂದು “ಬತ್ತೆ ಶೀನಣ್ಣಾ!” ಅಂದ. ಶೀನ ಹಲ್ಲು ಬಿಟ್ಟು ಕೈ ಬೀಸಿದ.

ಬೈಂದೂರಿನಿಂದ ಮಾತು ಬಂತು. ಗಂಡಿನ ಮೇಲೆ ದೂರೇನೂ ಇಲ್ಲವಂತೆ. ಆದರೆ ಅವನ ಮುಖ ನೆನೆಸಿಕೊಂಡರೇ ಹುಡುಗಿಗೆ ನಗು ಬರುತ್ತದಂತೆ, ಧಾರೆಯ ಹೊತ್ತಿಗೆ ನಕ್ಕುಬಿಟ್ಟರೆ ಕಷ್ಟ ಅಲ್ಲವೇ ಎಂದು ಅವಳೇ ಬೇಡ ಅಂದಳಂತೆ. ನಿಮ್ಮಂಥ ಅಣ್ಣನಿಗೆ ಒಂದು ನಮಸ್ಕಾರ ಎಂದು ಮಾವ ಬೇರೆ ಹೇಳಿ ಕಳಿಸಿದ್ದರು. ಶೀನ ಸುದ್ದಿ ಕೇಳಿ “ಅಕ್ಕ್”, ಅಂದರೆ ಆಗಲಿ, ಅಂದು ಡ್ಯೂಟಿಗೆ ಹೋದ.

ಮರುದಿನ ನಾನೂ ಗಾಡಿ ತೆಗೆದೆ. ಮೀನು ಹೇಳಿಕೊಳ್ಳುವ ಹಾಗಿರಲಿಲ್ಲ. ಮೊದಲ ಗೇಟಿನ ಹೆಂಗಸು ಒಂದು ಬಂಗಡೆ ಎತ್ತಿ ಕಿವಿರಿಗೆ ಬೆರಳು ಹಾಕುತ್ತಾ ಕೇಳಿದಳು: “ಬೈಂದೂರ್ ಸಂಬಂಧ ಎಂತ ಆಯ್ತ್ ಮಾರಾಯಾ?” ಸುಮ್ಮನಿರಬೇಕು ಅಂದುಕೊಂಡೆ. ಅವಳ ಬೆರಳು ಕಿವಿರನ್ನು ಮೇಲೆತ್ತುತ್ತಿತ್ತು. “ಎಂತ ಹೇಳುದ್ ಅಮ್ಮಾ, ಹೆಣ್ಣಿನ ಮನಿಯಂಗೆ ಒಂಟಿ ಕಾಲಂಗೆ ಕುಪ್ಪಳಿಸ್ದ...” ಅಂದೆ. ಅವಳು ಕೈಬಿಟ್ಟು ನಕ್ಕಳು. ಮೀನು ಖರ್ಚಾಯಿತು. ಹೊಸ ಕಥೆ ಹಳೆಯದಕ್ಕಿಂತ ಚೆನ್ನಾಗಿ ಹೋಗುತ್ತದೆ, ಅದರಲ್ಲಿ ಈಗ ಒಬ್ಬ ಒಳ್ಳೆಯ ಅಣ್ಣನೂ ಇದ್ದಾನೆ.

ನಿಮ್ಮ ಹತ್ತಿರವಾದರೂ ನೇರವಾಗಿ ಹೇಳಬೇಕೆಂದು ಇಷ್ಟು ಬರೆದೆ. ಆದರೆ ಒಂದು ಸಂಶಯ. ಇದನ್ನು ಓದುವಾಗ ನೀವು ಎಲ್ಲೆಲ್ಲಿ ನಕ್ಕಿರಿ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಅಲ್ಲೆಲ್ಲ ನಿಂತಿದ್ದವನು ಶೀನನೇ. ನಾನು ಪಕ್ಕದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅವನ ಮುಖ ನೋಡುತ್ತಿದ್ದೆ.